ಕೊಳ್ಳದಿದ್ದುದಕ್ಕೆ ದಂಡ: ಅಮೆರಿಕದ ಕಡ್ಡಾಯ ಆರೋಗ್ಯ ವಿಮೆಯ ವಾದ ಎಲ್ಲಿಗೆ ಬಂದು ನಿಂತಿದೆ

ಅಮೆರಿಕದ ತೆರಿಗೆ ಕಾನೂನಿನಲ್ಲಿ, 2010ರ ಅಫೋರ್ಡಬಲ್ ಕೇರ್ ಎಂಬ ಆರೋಗ್ಯ ವಿಮಾ ಕಾನೂನಿನ ಮೂಲಕ ಬಂದ 5000ಎ ಎಂಬ ಒಂದು ಸೆಕ್ಷನ್ ಇದೆ. ವಿನಾಯಿತಿಗೆ ಒಳಪಡದ ಪ್ರತಿಯೊಬ್ಬರೂ ವರ್ಷದ ಪ್ರತಿ ತಿಂಗಳೂ ತಮಗೂ ತಮ್ಮ ಅವಲಂಬಿತರಿಗೂ ಕನಿಷ್ಠ ಮಟ್ಟದ ಆರೋಗ್ಯ ವಿಮೆ ಇರುವಂತೆ ನೋಡಿಕೊಳ್ಳತಕ್ಕದ್ದು ಎಂದು ಅದು ಹೇಳುತ್ತದೆ. ಹಾಗೆ ನೋಡಿಕೊಳ್ಳದವರು ತೆರಬೇಕಾದ ಮೊತ್ತವನ್ನೂ ಅದೇ ಸೆಕ್ಷನ್ ನಮೂದಿಸುತ್ತದೆ. 2019ರಿಂದ ಈಚೆಗೆ ಆ ಮೊತ್ತ ಸೊನ್ನೆ ಡಾಲರ್. ಆಜ್ಞೆ ಪುಸ್ತಕದಲ್ಲಿ ಉಳಿದಿದೆ, ದಂಡ ಹೋಗಿದೆ. ಈ ವಿಚಿತ್ರ ಸ್ಥಿತಿಗೆ ಬರುವ ಮೊದಲು ಅದು ಹಲವು ಚುನಾವಣೆಗಳ ವಸ್ತುವಾಗಿತ್ತು, ಸುಪ್ರೀಂ ಕೋರ್ಟಿನಲ್ಲಿ ಸಂವಿಧಾನದ ಮೂಲ ಪ್ರಶ್ನೆಯೊಂದನ್ನೇ ಎಬ್ಬಿಸಿತ್ತು. ಖಾಸಗಿ ಕಂಪನಿಯೊಂದರಿಂದ ಇಂಥದ್ದನ್ನು ಕೊಳ್ಳಲೇಬೇಕೆಂದು ಸರ್ಕಾರ ಪ್ರಜೆಗೆ ಹೇಳಬಹುದೇ? ಈ ಪ್ರಶ್ನೆ ಸಣ್ಣದಲ್ಲ. ಆದರೆ ಅದರ ಗದ್ದಲದಲ್ಲಿ ಇನ್ನೊಂದು ಪ್ರಶ್ನೆ ಹಿಂದೆ ಸರಿಯಿತೆಂದು ನನಗೆ ತೋರುತ್ತದೆ: ಕೊಳ್ಳು ಎಂದು ಹೇಳಿಸಿಕೊಂಡವನ ಕೈಗೆ ಆ ವಿಮೆ ಎಟುಕುವಂತಿದೆಯೇ?

ಕಡ್ಡಾಯದ ಮಾತು ಮೊದಲು ಎಲ್ಲಿಂದ ಬಂತು ಎಂಬುದನ್ನು ನೋಡಬೇಕು. ಅಮೆರಿಕದಲ್ಲಿ ಬಹುಪಾಲು ಜನರಿಗೆ ವಿಮೆ ಸಿಗುವುದು ಕೆಲಸ ಕೊಟ್ಟವರ ಮೂಲಕ. ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಇದೆ. ಇವುಗಳ ನಡುವೆ ಬೀಳುವವರು, ಅಂದರೆ ಸ್ವಂತ ಉದ್ಯೋಗದವರು, ಸಣ್ಣ ಅಂಗಡಿಗಳಲ್ಲಿ ದುಡಿಯುವವರು, ಕೆಲಸ ಕಳೆದುಕೊಂಡವರು, ತಾವೇ ಪೇಟೆಗೆ ಹೋಗಿ ಪಾಲಿಸಿ ಕೊಳ್ಳಬೇಕು. 2014ಕ್ಕೆ ಮೊದಲು ಹೆಚ್ಚಿನ ರಾಜ್ಯಗಳಲ್ಲಿ ಈ ಪೇಟೆಯ ನಿಯಮ ನಿರ್ದಯವಾಗಿತ್ತು. ಕಂಪನಿ ಅರ್ಜಿದಾರನ ರೋಗಚರಿತ್ರೆಯನ್ನು ಕೆದಕುತ್ತಿತ್ತು. ಮಧುಮೇಹ, ಕ್ಯಾನ್ಸರ್, ಹೃದ್ರೋಗ ಇದ್ದವರಿಗೆ ಪಾಲಿಸಿ ನಿರಾಕರಿಸುತ್ತಿತ್ತು, ಇಲ್ಲವೇ ಆ ರೋಗವೊಂದನ್ನು ಹೊರಗಿಟ್ಟು ಉಳಿದುದಕ್ಕೆ ಮಾತ್ರ ವಿಮೆ ಕೊಡುತ್ತಿತ್ತು. ಇದನ್ನು ನಿಲ್ಲಿಸಬೇಕೆಂಬುದರಲ್ಲಿ ಜನರಿಗೆ ಭಿನ್ನಾಭಿಪ್ರಾಯ ಅಷ್ಟಾಗಿ ಇರಲಿಲ್ಲ. ಯಾರನ್ನೂ ತಿರಸ್ಕರಿಸಬಾರದು, ರೋಗಿಗೂ ಆರೋಗ್ಯವಂತನಿಗೂ ಒಂದೇ ಬೆಲೆ ಇರಬೇಕು ಎಂಬ ಕಾನೂನು ಯಾವ ಸಮೀಕ್ಷೆಯಲ್ಲೂ ಗೆಲ್ಲುತ್ತದೆ.

ತೊಡಕು ಹುಟ್ಟುವುದು ಅಲ್ಲಿಂದಲೇ. ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದೆಂದು ಹಿರಿಯರು ಹೇಳಿದ್ದು ಬಾವಿ ತೋಡಲು ಸಮಯ ಹಿಡಿಯುತ್ತದೆ ಎಂಬ ಕಾರಣಕ್ಕೆ. ಬೆಂಕಿ ಬಿದ್ದ ದಿನವೇ ನೀರು ತುಂಬಿದ ಬಾವಿ ಅದೇ ಬೆಲೆಗೆ ಸಿಗುವುದಾದರೆ ಮೊದಲೇ ತೋಡುವ ಜಾಣ ಯಾರು? ಕಾಯಿಲೆ ಬಂದ ಮೇಲೂ ವಿಮೆ ಸಿಗುತ್ತದೆಂದು ಖಚಿತವಾದಾಗ ಆರೋಗ್ಯವಂತರು ಹೊರಗುಳಿಯುತ್ತಾರೆ, ಒಳಗಿರುವವರಲ್ಲಿ ರೋಗಿಗಳ ಪಾಲು ಹೆಚ್ಚುತ್ತದೆ, ಕಂತು ಏರುತ್ತದೆ, ಏರಿದ ಕಂತನ್ನು ಕಂಡು ಅಷ್ಟಿಷ್ಟು ಆರೋಗ್ಯವಾಗಿರುವವರೂ ಬಿಟ್ಟು ಹೋಗುತ್ತಾರೆ, ಕಂತು ಮತ್ತೆ ಏರುತ್ತದೆ. ಇದು ಬರಿಯ ಊಹೆಯಲ್ಲ. ವಾಷಿಂಗ್ಟನ್ ರಾಜ್ಯ 1993ರಲ್ಲಿ ಯಾರನ್ನೂ ತಿರಸ್ಕರಿಸಬಾರದೆಂಬ ನಿಯಮವನ್ನೂ, ಅದರ ಬೆನ್ನಿಗೆ ಎಲ್ಲರಿಗೂ ವಿಮೆ ಕಡ್ಡಾಯ ಮಾಡುವ ಯೋಜನೆಯನ್ನೂ ಒಂದೇ ಕಾನೂನಿನಲ್ಲಿ ತಂದಿತು. 1995ರಲ್ಲಿ ಅಲ್ಲಿನ ಶಾಸನಸಭೆ ಕಡ್ಡಾಯವನ್ನು ಕಿತ್ತುಹಾಕಿತು. ಜನಪ್ರಿಯವಾಗಿದ್ದ ಉಳಿದ ನಿಯಮಗಳನ್ನು ಬಹುಮಟ್ಟಿಗೆ ಇಟ್ಟುಕೊಂಡಿತು. ಕಂಪನಿಗಳು ನಷ್ಟದಿಂದ ಒಂದೊಂದಾಗಿ ಹಿಂದೆ ಸರಿದವು, 1999ರ ಹೊತ್ತಿಗೆ ಆ ರಾಜ್ಯದ ಹೆಚ್ಚಿನ ಕೌಂಟಿಗಳಲ್ಲಿ ಒಬ್ಬ ವ್ಯಕ್ತಿ ಹೊಸದಾಗಿ ಸ್ವಂತ ಪಾಲಿಸಿ ಕೊಳ್ಳುವುದೇ ಅಸಾಧ್ಯವಾಯಿತು. ನ್ಯೂಯಾರ್ಕ್ ಕೂಡ 1993ರಲ್ಲಿ ಕಡ್ಡಾಯವಿಲ್ಲದೆ ಇಂಥದೇ ನಿಯಮ ಜಾರಿಗೆ ತಂದಿತ್ತು. ಅಲ್ಲಿ ಪೇಟೆ ಮುಚ್ಚಲಿಲ್ಲ, ಸೊರಗಿತು. ಸ್ವಂತವಾಗಿ ವಿಮೆ ಕೊಳ್ಳುವವರ ಕಂತು ದೇಶದಲ್ಲೇ ಅತಿ ದುಬಾರಿಯಾದವುಗಳ ಸಾಲಿಗೆ ಸೇರಿತು.

ಇನ್ನೊಂದು ಕಾನೂನಿನ ನೆರಳೂ ಈ ವಾದದ ಮೇಲಿದೆ. 1986ರಿಂದ ಅಮೆರಿಕದ ಆಸ್ಪತ್ರೆಗಳು ತುರ್ತು ವಿಭಾಗಕ್ಕೆ ಬಂದವರನ್ನು ಹಣವಿಲ್ಲವೆಂದು ಹೊರಗಟ್ಟುವಂತಿಲ್ಲ. ಪರೀಕ್ಷಿಸಿ, ಸ್ಥಿತಿ ಸುಧಾರಿಸುವವರೆಗೆ ನೋಡಿಕೊಳ್ಳಲೇಬೇಕು. ಆ ಬಿಲ್ಲು ಪಾವತಿಯಾಗದಿದ್ದರೆ ಹೊರೆ ಯಾರ ಮೇಲೋ ಬೀಳುತ್ತದೆ. 2010ರ ಕಾನೂನಿನಲ್ಲೇ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಈ ಹೊರೆಯನ್ನು 2008ರ ಲೆಕ್ಕಕ್ಕೆ 43 ಶತಕೋಟಿ ಡಾಲರ್ ಎಂದೂ, ಇದರಿಂದ ವಿಮೆ ಇರುವ ಕುಟುಂಬದ ವಾರ್ಷಿಕ ಕಂತು ಸರಾಸರಿ 1,000 ಡಾಲರಿಗಿಂತ ಹೆಚ್ಚು ಏರುತ್ತದೆಂದೂ ಬರೆದಿಟ್ಟಿತು. ಎರಡನೆಯ ಅಂಕಿಯನ್ನು ಅನೇಕ ಅರ್ಥಶಾಸ್ತ್ರಜ್ಞರು ಒಪ್ಪಲಿಲ್ಲ, ಹೊರೆಯ ಬಹುಪಾಲನ್ನು ಸರ್ಕಾರಿ ನಿಧಿಗಳೂ ಆಸ್ಪತ್ರೆಗಳೂ ಹೊರುತ್ತವೆ ಎಂಬುದು ಅವರ ವಾದ. ಅದು ಹೇಗೇ ಇರಲಿ, ವಿಮೆ ಇಲ್ಲದವನು ಆರೋಗ್ಯ ವ್ಯವಸ್ಥೆಯ ಹೊರಗೆ ನಿಂತಿದ್ದಾನೆ ಎನ್ನುವಂತಿಲ್ಲ. ಅವನು ಬಾಗಿಲಲ್ಲೇ ನಿಂತಿದ್ದಾನೆ, ಎಂದು ಒಳಗೆ ಬರುತ್ತಾನೆಂಬುದು ಮಾತ್ರ ಗೊತ್ತಿಲ್ಲ.

ಈ ತರ್ಕವನ್ನು ಮೊದಲು ಒತ್ತಿ ಹೇಳಿದವರು ಬಲಪಂಥದವರು ಎಂಬುದನ್ನು ಇಂದು ನೆನೆಯುವವರು ಕಡಿಮೆ. ಪ್ರತಿ ಕುಟುಂಬವೂ ದೊಡ್ಡ ಆಸ್ಪತ್ರೆ ಖರ್ಚಿಗಾದರೂ ವಿಮೆ ಮಾಡಿಸಿಕೊಳ್ಳುವುದನ್ನು ಕಡ್ಡಾಯ ಮಾಡಬೇಕೆಂಬ ಸಲಹೆ 1989ರಲ್ಲಿ ಹೆರಿಟೇಜ್ ಫೌಂಡೇಶನ್ ಎಂಬ ಸಂಪ್ರದಾಯವಾದಿ ಚಿಂತನ ಸಂಸ್ಥೆಯಿಂದ ಬಂತು. ಸರ್ಕಾರವೇ ಎಲ್ಲರಿಗೂ ವಿಮೆ ಕೊಡುವುದನ್ನು ತಪ್ಪಿಸಲು, ವ್ಯಕ್ತಿಯ ಹೊಣೆಗಾರಿಕೆ ಎಂಬ ಹೆಸರಿನಲ್ಲಿ ಹುಡುಕಿದ ದಾರಿ ಅದು. 1993ರಲ್ಲಿ ರಿಪಬ್ಲಿಕನ್ ಸೆನೆಟರ್ ಜಾನ್ ಚೇಫಿ ಮಂಡಿಸಿದ ಮಸೂದೆಯಲ್ಲಿ ಇದೇ ಕಡ್ಡಾಯವಿತ್ತು. 2006ರ ಏಪ್ರಿಲ್‌ನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಇದನ್ನು ಕಾನೂನಾಗಿಸಿ ಸಹಿ ಹಾಕಿದವರು ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ. ಎರಡು ವರ್ಷದ ನಂತರ ಡೆಮಾಕ್ರಟಿಕ್ ಪಕ್ಷದ ಒಳಸ್ಪರ್ಧೆಯಲ್ಲಿ ಹಿಲರಿ ಕ್ಲಿಂಟನ್ ಕಡ್ಡಾಯದ ಪರವಾಗಿದ್ದರೆ, ವಯಸ್ಕರ ಮೇಲೆ ಅದನ್ನು ಹೇರುವುದನ್ನು ವಿರೋಧಿಸಿದವರು ಬರಾಕ್ ಒಬಾಮ. ಜನ ವಿಮೆ ಕೊಳ್ಳದಿರುವುದು ಮನಸ್ಸಿಲ್ಲದೆ ಅಲ್ಲ, ಹಣವಿಲ್ಲದೆ ಎಂಬುದು ಆಗ ಅವರ ವಾದವಾಗಿತ್ತು. ಅಧ್ಯಕ್ಷರಾದ ಮೇಲೆ ಅವರೇ 2010ರ ಮಾರ್ಚ್ 23ರಂದು ಕಡ್ಡಾಯವುಳ್ಳ ಅಫೋರ್ಡಬಲ್ ಕೇರ್ ಕಾನೂನಿಗೆ ಸಹಿ ಹಾಕಿದರು. ರಿಪಬ್ಲಿಕನ್ನರು ಅಷ್ಟರಲ್ಲಿ ಅದು ಸಂವಿಧಾನಬಾಹಿರ ಎಂಬ ನಿಲುವಿಗೆ ಬಂದಿದ್ದರು. ಪಕ್ಷಗಳು ಸ್ಥಾನ ಬದಲಿಸಿಕೊಂಡಾಗ ವಾದಗಳೂ ಮೇಜಿನ ಆಚೆಗೊಂದು ಈಚೆಗೊಂದು ದಾಟಿ ಕುಳಿತವು.

ಕಾನೂನಿನ ದಂಡ ನಿಜಕ್ಕೂ ಎಷ್ಟಿತ್ತು? 2014ರಲ್ಲಿ ವಯಸ್ಕನೊಬ್ಬನಿಗೆ 95 ಡಾಲರ್ ಅಥವಾ ತೆರಿಗೆ ಮಿತಿಗಿಂತ ಮೇಲಿನ ಆದಾಯದ ಶೇ 1, ಇವುಗಳಲ್ಲಿ ಯಾವುದು ಹೆಚ್ಚೋ ಅದು. 2016ರ ಹೊತ್ತಿಗೆ ಅದು 695 ಡಾಲರ್ ಅಥವಾ ಶೇ 2.5ಕ್ಕೆ ಏರಿತು. ಮೂರು ತಿಂಗಳಿಗಿಂತ ಕಡಿಮೆ ಅವಧಿ ವಿಮೆಯಿಲ್ಲದೆ ಇದ್ದವರು, ಅತಿ ಕಡಿಮೆ ಆದಾಯದವರು, ಮೂಲನಿವಾಸಿ ಬುಡಕಟ್ಟುಗಳವರು, ಸೆರೆಮನೆಯಲ್ಲಿದ್ದವರು, ವಿಮೆಯನ್ನೇ ಧರ್ಮವಿರುದ್ಧವೆಂದು ನಂಬುವ ಪಂಗಡಗಳವರು, ಹೀಗೆ ವಿನಾಯಿತಿಯ ಪಟ್ಟಿ ಉದ್ದವಾಗಿತ್ತು. ದಂಡ ಕಟ್ಟದವರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವಂತಿರಲಿಲ್ಲ, ಆಸ್ತಿ ಜಪ್ತಿ ಮಾಡುವಂತಿರಲಿಲ್ಲ. ಅವರಿಗೆ ಹಿಂದಿರುಗಿಸಬೇಕಾದ ತೆರಿಗೆ ಹಣದಲ್ಲಿ ಮುರಿದುಕೊಳ್ಳಬಹುದಿತ್ತು, ಅಷ್ಟೆ. ದಬ್ಬಾಳಿಕೆ ಎಂದು ಇದನ್ನು ಬಣ್ಣಿಸಿದವರಿಗೆ ಕಾನೂನಿನ ಹಲ್ಲು ಎಣಿಸುವ ವ್ಯವಧಾನ ಇರಲಿಲ್ಲವೆಂದೇ ಹೇಳಬೇಕು.

ಆದರೂ ತತ್ತ್ವದ ಪ್ರಶ್ನೆ ದಂಡದ ಗಾತ್ರವನ್ನು ಅವಲಂಬಿಸುವುದಿಲ್ಲ. ಅಮೆರಿಕದ ಸಂವಿಧಾನದಲ್ಲಿ ಕೇಂದ್ರ ಸರ್ಕಾರಕ್ಕೆ ಇರುವುದು ಎಣಿಸಿ ಕೊಟ್ಟ ಅಧಿಕಾರಗಳು ಮಾತ್ರ. ರಾಜ್ಯಗಳ ನಡುವಿನ ವಾಣಿಜ್ಯವನ್ನು ನಿಯಂತ್ರಿಸುವ ಅಧಿಕಾರ ಅವುಗಳಲ್ಲೊಂದು. ಆ ಅಧಿಕಾರ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 1942ರ ಒಂದು ತೀರ್ಪನ್ನು ಎಲ್ಲರೂ ಉಲ್ಲೇಖಿಸುತ್ತಾರೆ: ರಾಸ್ಕೋ ಫಿಲ್ಬರ್ನ್ ಎಂಬ ರೈತ ನಿಗದಿಗಿಂತ ಹೆಚ್ಚು ಗೋಧಿ ಬೆಳೆದು, ಅದನ್ನು ತನ್ನ ಜಮೀನಿನಲ್ಲೇ ಬಳಸಿಕೊಂಡರೂ ದಂಡ ತಪ್ಪಲಿಲ್ಲ, ಏಕೆಂದರೆ ಅವನಂಥವರೆಲ್ಲ ಹಾಗೆ ಮಾಡಿದರೆ ಗೋಧಿಯ ಪೇಟೆಯೇ ಅಲುಗುತ್ತದೆ ಎಂದಿತು ಕೋರ್ಟು. ಫಿಲ್ಬರ್ನ್ ಗೋಧಿಯನ್ನಾದರೂ ಬೆಳೆದಿದ್ದ. ವಿಮೆ ಕೊಳ್ಳದವನು ಏನನ್ನೂ ಮಾಡಿಲ್ಲವಲ್ಲ, ಏನೂ ಮಾಡದಿರುವುದನ್ನು ವಾಣಿಜ್ಯವೆಂದು ಕರೆಯುವುದು ಹೇಗೆ ಎಂಬುದು 2012ರಲ್ಲಿ ಕಾನೂನಿನ ವಿರೋಧಿಗಳು ಇಟ್ಟ ವಾದ. ಆ ವರ್ಷದ ಮಾರ್ಚ್‌ನಲ್ಲಿ ಮೂರು ದಿನ ನಡೆದ ವಿಚಾರಣೆಯಲ್ಲಿ ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯಾ ಬ್ರೊಕೋಲಿಯ ಮಾತು ಎತ್ತಿದರು: ಎಲ್ಲರೂ ಒಂದಲ್ಲ ಒಂದು ದಿನ ಆಹಾರ ಕೊಳ್ಳಲೇಬೇಕು, ಹಾಗೆಂದು ಬ್ರೊಕೋಲಿ ಕೊಳ್ಳಿರೆಂದು ಸರ್ಕಾರ ಕಡ್ಡಾಯ ಮಾಡಬಹುದೇ? ಆ ತರಕಾರಿ ಅಂದಿನಿಂದ ಅಮೆರಿಕದ ಸಂವಿಧಾನ ಚರ್ಚೆಯಲ್ಲಿ ಸ್ಥಾನ ಪಡೆಯಿತು.

ಹೋಲಿಕೆ ಚುರುಕಾಗಿದೆ, ಸರಿಯಾಗಿ ಕೂರುವುದಿಲ್ಲ. ಬ್ರೊಕೋಲಿ ಕೊಳ್ಳದವನು ನಾಳೆ ಅಂಗಡಿಗೆ ಹೋಗಿ ಹಣವಿಲ್ಲದಿದ್ದರೂ ಕೊಡಿ ಎಂದರೆ ಅಂಗಡಿಯವನು ಕೊಡಬೇಕಾಗಿಲ್ಲ, ಅದರ ಬೆಲೆಯನ್ನು ಉಳಿದ ಗಿರಾಕಿಗಳ ಮೇಲೆ ಹಾಕಬೇಕಾಗಿಯೂ ಇಲ್ಲ. ಆರೋಗ್ಯದಲ್ಲಿ ಇವೆರಡೂ ನಡೆಯುತ್ತವೆ. ನ್ಯಾಯಮೂರ್ತಿ ರೂಥ್ ಬೇಡರ್ ಗಿನ್ಸ್‌ಬರ್ಗ್ ತಮ್ಮ ಅಭಿಪ್ರಾಯದಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಆದರೂ ವಿರೋಧಿಗಳ ಭಯದಲ್ಲಿ ಹುರುಳಿಲ್ಲವೆನ್ನಲಾರೆ. ನಿನ್ನ ನಿಷ್ಕ್ರಿಯತೆಯಿಂದ ಇತರರಿಗೆ ಖರ್ಚು ಬರುತ್ತದೆ, ಆದ್ದರಿಂದ ನೀನು ಇಂಥ ಕಂಪನಿಗಳ ಗಿರಾಕಿಯಾಗು ಎಂಬ ತರ್ಕಕ್ಕೆ ಎಲ್ಲಿ ತಡೆ ಹಾಕಬೇಕೆಂದು ಸರ್ಕಾರದ ವಕೀಲರು ಸ್ಪಷ್ಟವಾಗಿ ಹೇಳಲಾರದೆ ಹೋದರು.

2012ರ ಜೂನ್ 28ರಂದು ಬಂದ ತೀರ್ಪು ಇಬ್ಬರಿಗೂ ಅರ್ಧರ್ಧ ಕೊಟ್ಟಿತು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ವಾಣಿಜ್ಯದ ಅಧಿಕಾರ ಈಗಾಗಲೇ ನಡೆಯುತ್ತಿರುವ ವ್ಯವಹಾರವನ್ನು ನಿಯಂತ್ರಿಸಬಲ್ಲುದೇ ಹೊರತು ಹೊಸ ವ್ಯವಹಾರಕ್ಕೆ ಜನರನ್ನು ದೂಡಲಾರದು ಎಂದರು. ಅದೇ ಉಸಿರಿನಲ್ಲಿ, ಈ ದಂಡ ತೆರಿಗೆ ಇಲಾಖೆಗೆ ಸಲ್ಲುತ್ತದೆ, ಆದಾಯದ ಮೇಲೆ ಲೆಕ್ಕ ಹಾಕಲಾಗುತ್ತದೆ, ವಿಮೆಯ ಬೆಲೆಗಿಂತ ಸಾಮಾನ್ಯವಾಗಿ ಕಡಿಮೆಯಿರುತ್ತದೆ, ಹಾಗಾಗಿ ಇದು ತೆರಿಗೆಯಂತೆಯೇ ಇದೆ, ತೆರಿಗೆ ಹಾಕುವ ಅಧಿಕಾರ ಸರ್ಕಾರಕ್ಕೆ ಇದ್ದೇ ಇದೆ ಎಂದು ಐದು ಮತಗಳ ಬಹುಮತ ಒದಗಿಸಿ ಕಾನೂನನ್ನು ಉಳಿಸಿದರು. 2009ರಲ್ಲಿ ಒಬಾಮ ಇದು ತೆರಿಗೆಯಲ್ಲವೆಂದು ಟಿವಿ ಸಂದರ್ಶನದಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ತೆರಿಗೆ ಕಟ್ಟುವ ಮೊದಲೇ ಅದರ ವಿರುದ್ಧ ದಾವೆ ಹೂಡುವುದನ್ನು ತಡೆಯುವ ಹಳೆಯ ಕಾನೂನಿನ ದೃಷ್ಟಿಯಲ್ಲೂ ಇದು ತೆರಿಗೆಯಲ್ಲವೆಂದು ಅದೇ ತೀರ್ಪಿನ ಹಿಂದಿನ ಪುಟಗಳು ಹೇಳುತ್ತವೆ. ಒಂದೇ ದಂಡ ಒಂದು ಪುಟದಲ್ಲಿ ತೆರಿಗೆಯಲ್ಲ, ಮುಂದಿನ ಪುಟಗಳಲ್ಲಿ ತೆರಿಗೆ. ನಗು ಬಂದರೂ, ರಾಬರ್ಟ್ಸ್ ಹೇಳಿದ ಎರಡನೆಯ ಮಾತು ವಾಸ್ತವಕ್ಕೆ ಹತ್ತಿರವಾದುದೆಂದೇ ನನ್ನ ಅಭಿಪ್ರಾಯ. ಆರೋಗ್ಯವಂತರಿಂದ ಹಣ ಪಡೆದು ರೋಗಿಗಳಿಗೆ ಖರ್ಚು ಮಾಡುವ ಏರ್ಪಾಡನ್ನು ಬಹುತೇಕ ದೇಶಗಳು ತೆರಿಗೆ ಅಥವಾ ಸಂಬಳದ ಕಡಿತದ ಮೂಲಕ ಮಾಡುತ್ತವೆ. ಅಮೆರಿಕ ಅದನ್ನು ಕಂಪನಿಯ ಕಂತಿನೊಳಗೆ ಬಚ್ಚಿಟ್ಟು ಮಾಡಲು ಹೊರಟಿತು. ಬಚ್ಚಿಟ್ಟದ್ದನ್ನು ಕೋರ್ಟು ಹೊರಗೆಳೆದು ಹೆಸರಿಟ್ಟಿತು.

ಬ್ರೊಕೋಲಿಯ ಗದ್ದಲದಲ್ಲಿ ಅದೇ ತೀರ್ಪಿನ ಇನ್ನೊಂದು ಭಾಗಕ್ಕೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ. ಬಡವರ ಮೆಡಿಕೇಡ್ ಅನ್ನು ಎಲ್ಲ ರಾಜ್ಯಗಳೂ ವಿಸ್ತರಿಸಲೇಬೇಕೆಂಬ ಒತ್ತಾಯವನ್ನು ಕೋರ್ಟು 7-2ರ ಬಹುಮತದಲ್ಲಿ ಸಡಿಲಿಸಿ, ವಿಸ್ತರಣೆಯನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು. ಟೆಕ್ಸಸ್, ಫ್ಲಾರಿಡಾದಂಥ ದೊಡ್ಡ ರಾಜ್ಯಗಳು ವಿಸ್ತರಿಸಲಿಲ್ಲ. ವಿಮೆಯ ಕಂತಿಗೆ ಸರ್ಕಾರದ ಸಹಾಯಧನ ಸಿಗುವುದು ಬಡತನದ ರೇಖೆಗಿಂತ ಮೇಲಿನವರಿಗೆ, ಕೆಳಗಿನವರಿಗೆ ಮೆಡಿಕೇಡ್ ಇರುತ್ತದೆ ಎಂದು ಕಾನೂನು ಊಹಿಸಿತ್ತು. ಈಗ ಆ ರಾಜ್ಯಗಳಲ್ಲಿ ಕಡು ಬಡವರಾದ ವಯಸ್ಕರಲ್ಲಿ ಅನೇಕರಿಗೆ ಎರಡೂ ಇಲ್ಲ. ಪ್ರಜೆ ವಿಮೆ ಕೊಳ್ಳಬೇಕೆಂಬ ಕಡ್ಡಾಯ ಉಳಿಯಿತು, ರಾಜ್ಯ ವಿಮೆ ಒದಗಿಸಬೇಕೆಂಬ ಕಡ್ಡಾಯ ಬಿದ್ದುಹೋಯಿತು.

ಹಾಗಾದರೆ ದಂಡ ಕಟ್ಟಿದವರು ಯಾರು? ತೆರಿಗೆ ಇಲಾಖೆಯ ಆಯುಕ್ತರು 2017ರ ಆರಂಭದಲ್ಲಿ ಸಂಸತ್ತಿಗೆ ಕೊಟ್ಟ ಮಾಹಿತಿಯಂತೆ 2015ರ ವರ್ಷಕ್ಕೆ ಸುಮಾರು 65 ಲಕ್ಷ ತೆರಿಗೆದಾರರು ಒಟ್ಟು 3 ಶತಕೋಟಿ ಡಾಲರ್ ಕಟ್ಟಿದರು, ಸರಾಸರಿ 470 ಡಾಲರ್. ವಿನಾಯಿತಿ ಕೇಳಿದವರ ಸಂಖ್ಯೆ ಅದರ ಹೆಚ್ಚುಕಡಿಮೆ ಎರಡರಷ್ಟು, ಸುಮಾರು 1.27 ಕೋಟಿ. ದಂಡ ಕಟ್ಟಿದವರಲ್ಲಿ ದೊಡ್ಡ ಶ್ರೀಮಂತರು ವಿರಳ, ಏಕೆಂದರೆ ಶ್ರೀಮಂತರಿಗೆ ವಿಮೆ ಇದ್ದೇ ಇರುತ್ತದೆ. ಕಾನೂನಿನ ಸಹಾಯಧನ ಬಡತನ ರೇಖೆಯ ನಾಲ್ಕು ಪಟ್ಟು ಆದಾಯಕ್ಕೆ ಥಟ್ಟನೆ ನಿಲ್ಲುತ್ತಿತ್ತು. ಆ ಗೆರೆಯನ್ನು ಒಂದು ಡಾಲರಿನಿಂದ ದಾಟಿದ ಅರವತ್ತರ ದಂಪತಿಗೆ ಕಂತಿನ ಪೂರ್ತಿ ಭಾರ ಬೀಳುತ್ತಿತ್ತು. ಇನ್ನೊಂದು ತುದಿಯಲ್ಲಿ ಇಪ್ಪತ್ತೈದರ ಯುವಕ. ವೃದ್ಧಾಪ್ಯಕ್ಕೆ ಹತ್ತಿರವಾದವರ ವೈದ್ಯಕೀಯ ಖರ್ಚು ಯುವಕರದಕ್ಕಿಂತ ಸುಮಾರು ಐದು ಪಟ್ಟು ಇದ್ದರೂ ಕಂತು ಮೂರು ಪಟ್ಟು ಮೀರುವಂತಿಲ್ಲ ಎಂದು ಕಾನೂನು ಹೇಳಿದ್ದರಿಂದ ಯುವಕ ತನ್ನ ಪಾಲಿಗಿಂತ ಹೆಚ್ಚು ಕೊಡುತ್ತಾನೆ. ಮುಂದೊಂದು ದಿನ ತಾನೂ ಮುದುಕನಾಗುತ್ತಾನಲ್ಲ ಎಂಬುದು ಸರಿಯಾದ ಉತ್ತರವೇ, ಆದರೆ ಶಿಕ್ಷಣದ ಸಾಲ ತೀರಿಸುತ್ತಿರುವವನಿಗೆ ಈ ತಿಂಗಳ ಕಂತು ಈ ತಿಂಗಳೇ ಬರುತ್ತದೆ. ಸ್ವಾತಂತ್ರ್ಯದ ಹೆಸರಿನಲ್ಲಿ ಬಂದ ದೂರುಗಳ ಬಹುಪಾಲನ್ನು ಬಗೆದು ನೋಡಿದರೆ ಕೆಳಗೆ ಸಿಗುವುದು ಬೆಲೆಯ ದೂರು.

2017ರ ಡಿಸೆಂಬರ್‌ನಲ್ಲಿ ತೆರಿಗೆ ಸುಧಾರಣೆಯ ಮಸೂದೆಯೊಳಗೆ ಸೇರಿಸಿ ದಂಡವನ್ನು 2019ರಿಂದ ಸೊನ್ನೆಗೆ ಇಳಿಸಲಾಯಿತು. ಇದರಿಂದ 2019ರಲ್ಲಿ 40 ಲಕ್ಷ, 2027ರ ಹೊತ್ತಿಗೆ 1.3 ಕೋಟಿ ಹೆಚ್ಚುವರಿ ಜನ ವಿಮೆಯಿಲ್ಲದವರಾಗುತ್ತಾರೆ, ಸ್ವಂತ ಪಾಲಿಸಿಗಳ ಕಂತು ಶೇ 10ರಷ್ಟು ಏರುತ್ತದೆ ಎಂದು ಸಂಸತ್ತಿನ ಬಜೆಟ್ ಕಚೇರಿ ಅಂದಾಜಿಸಿತ್ತು. ವಾಷಿಂಗ್ಟನ್ ರಾಜ್ಯದ ಕಥೆಯನ್ನು ಬಲ್ಲವರು ಪೇಟೆಯೇ ಕುಸಿಯಬಹುದೆಂದು ಹೆದರಿದರು. ಪೇಟೆ ಕುಸಿಯಲಿಲ್ಲ. ಜನಗಣತಿ ಸಂಸ್ಥೆಯ ಸಮೀಕ್ಷೆಯಲ್ಲಿ ವಿಮೆಯಿಲ್ಲದವರ ಪಾಲು 2016ರ ಶೇ 8.6ರಿಂದ 2019ರಲ್ಲಿ ಶೇ 9.2ಕ್ಕೆ ಏರಿತು, ಸಹಾಯಧನದೊಂದಿಗೆ ಸ್ವಂತ ಪಾಲಿಸಿ ಕೊಳ್ಳಲು ಕಾನೂನು ತೆರೆದ ಸರ್ಕಾರಿ ವಿಮಾ ಪೇಟೆಯಲ್ಲಿ ನೋಂದಾಯಿಸಿದವರು 2016ರ 1.27 ಕೋಟಿಯಿಂದ 1.14 ಕೋಟಿಗೆ ಇಳಿದರು. ಇಳಿಕೆ ಹೌದು, ಪತನವಲ್ಲ.

ಏಕೆ ಹೀಗಾಯಿತೆಂಬುದಕ್ಕೆ ಉತ್ತರ ಸಹಾಯಧನದ ಲೆಕ್ಕದಲ್ಲಿದೆ. ಸಹಾಯಧನ ಪಡೆಯುವವನು ತನ್ನ ಆದಾಯದ ಇಂತಿಷ್ಟು ಪಾಲು ಕೊಟ್ಟರೆ ಸಾಕು, ಅದರ ಮೇಲಿನ ಕಂತನ್ನು ಸರ್ಕಾರ ತುಂಬುತ್ತದೆ. ಕಂತು ಏರಿದರೆ ಏರಿಕೆ ಅವನ ಜೇಬಿಗೆ ತಟ್ಟುವುದಿಲ್ಲ. ಹೀಗಾಗಿ ಏರಿದ ಬೆಲೆ ಆರೋಗ್ಯವಂತರನ್ನು ಹೊರಗಟ್ಟುವ ಆ ಸುರುಳಿ ಬಿಗಿಯಾಗುವ ಮೊದಲೇ ಸಡಿಲಗೊಂಡಿತು. 1990ರ ದಶಕದ ವಾಷಿಂಗ್ಟನ್ ರಾಜ್ಯದಲ್ಲಿ ಇಷ್ಟು ವಿಶಾಲವಾದ ಸಹಾಯಧನ ಇರಲಿಲ್ಲ. 2021ರಲ್ಲಿ ಸಹಾಯಧನವನ್ನು ಹೆಚ್ಚಿಸಿ, ನಾಲ್ಕು ಪಟ್ಟಿನ ಗೆರೆಯನ್ನು ತೆಗೆದು, ಯಾರ ಕಂತೂ ಆದಾಯದ ಶೇ 8.5 ಮೀರದಂತೆ ಮಾಡಿದಾಗ, ದಂಡದ ಸೊಲ್ಲೇ ಇಲ್ಲದೆ ನೋಂದಣಿ ದುಪ್ಪಟ್ಟಾಯಿತು: 2025ಕ್ಕೆ 2.4 ಕೋಟಿ ದಾಟಿತು. 2008ರ ಒಬಾಮ ಅಧ್ಯಕ್ಷ ಒಬಾಮನಿಗಿಂತ ಹೆಚ್ಚು ಸರಿಯಾಗಿದ್ದರು ಎನ್ನಬಹುದೇನೋ.

ಅಷ್ಟು ಬೇಗ ಹಾಗೆಂದು ತೀರ್ಮಾನಿಸದಂತೆ ತಡೆಯುವ ಒಂದು ಅಧ್ಯಯನವಿದೆ. ದಂಡ ಕಟ್ಟಿದ ಲಕ್ಷಾಂತರ ಕುಟುಂಬಗಳಿಗೆ ತೆರಿಗೆ ಇಲಾಖೆ ಒಂದು ಪತ್ರ ಕಳುಹಿಸಿತು: ನೀವು ದಂಡ ಕಟ್ಟಿದ್ದೀರಿ, ಮುಂದೆಯೂ ಕಟ್ಟಬೇಕಾಗಬಹುದು, ವಿಮೆ ಪಡೆಯುವ ದಾರಿ ಇಲ್ಲಿದೆ ಎಂಬಂಥ ಒಕ್ಕಣೆ. 39 ಲಕ್ಷ ಕುಟುಂಬಗಳಿಗೆ ಪತ್ರ ಹೋಯಿತು. ಉಳಿದವರನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಬಿಡಲಾಯಿತು, ಆದ್ದರಿಂದ ಎರಡು ಗುಂಪುಗಳನ್ನು ಹೋಲಿಸಲು ಸಾಧ್ಯವಾಯಿತು. ಪತ್ರ ಪಡೆದವರಲ್ಲಿ ವಿಮೆ ಮಾಡಿಸಿಕೊಂಡವರು ಹೆಚ್ಚಾದರು. ಮುಂದಿನ ಎರಡು ವರ್ಷಗಳಲ್ಲಿ 45ರಿಂದ 64ರ ವಯಸ್ಸಿನವರಲ್ಲಿ, ಪತ್ರ ಹೋದ ಪ್ರತಿ 1,648 ಮಂದಿಗೆ ಒಂದು ಸಾವು ಕಡಿಮೆಯಾಯಿತು. ವಿಮೆಗೂ ಆಯಸ್ಸಿಗೂ ಇರುವ ನಂಟನ್ನು ಇಷ್ಟು ನೇರವಾಗಿ ತೋರಿದ ಪುರಾವೆ ವಿರಳ. ಆದರೆ ಇಲ್ಲಿ ಕೆಲಸ ಮಾಡಿದ್ದು ಏನು? ದಂಡದ ಭಯವೇ, ಅಥವಾ ತನಗೆ ಸಹಾಯಧನ ಸಿಗುತ್ತದೆಂಬುದು ಮೊದಲ ಬಾರಿಗೆ ತಿಳಿದದ್ದೇ? ಎರಡೂ ಪತ್ರದಲ್ಲಿ ಹೆಣೆದುಕೊಂಡಿದ್ದವು. ಕಡ್ಡಾಯ ಎಂಬುದು ದಂಡಕ್ಕಿಂತ ಹೆಚ್ಚಾಗಿ ಒಂದು ನೆನಪೋಲೆಯಾಗಿ ಕೆಲಸ ಮಾಡುತ್ತದೆ ಎಂದು ನಾನು ಓದಿಕೊಳ್ಳುತ್ತೇನೆ.

ಕಡ್ಡಾಯವನ್ನು ಅನುಮಾನವಿಲ್ಲದೆ ಒಪ್ಪಿಕೊಂಡ ದೇಶಗಳು ಇದಕ್ಕಿಂತ ಬಿಗಿಯಾಗಿವೆ. 1996ರಿಂದ ಸ್ವಿಟ್ಜರ್‌ಲೆಂಡಿನಲ್ಲಿ ನೆಲೆಸುವವರು ಮೂರು ತಿಂಗಳೊಳಗೆ ವಿಮೆ ಮಾಡಿಸಬೇಕು. ಮಾಡಿಸದಿದ್ದರೆ ಅಲ್ಲಿನ ಕ್ಯಾಂಟನ್ ಆಡಳಿತವೇ ಯಾವುದಾದರೊಂದು ಕಂಪನಿಗೆ ಸೇರಿಸುತ್ತದೆ. ನೆದರ್‌ಲೆಂಡ್ಸ್ 2006ರ ಕಾನೂನಿನಡಿ ಮೊದಲು ಎಚ್ಚರಿಕೆ ಪತ್ರ, ನಂತರ ದಂಡ, ಕೊನೆಗೆ ಕಡ್ಡಾಯ ಸೇರ್ಪಡೆ ಎಂಬ ಕ್ರಮವನ್ನು ಅನುಸರಿಸುತ್ತದೆ. ಎರಡೂ ಕಡೆ ಮೂಲ ವಿಮೆಯಲ್ಲಿ ಏನೇನಿರಬೇಕೆಂಬುದನ್ನು ಸರ್ಕಾರ ನಿಗದಿ ಮಾಡುತ್ತದೆ, ಸ್ವಿಟ್ಜರ್‌ಲೆಂಡಿನಲ್ಲಿ ಆ ಮೂಲ ವಿಮೆಯಿಂದ ಕಂಪನಿಗಳು ಲಾಭ ಮಾಡುವಂತೆಯೂ ಇಲ್ಲ. ಕೊಳ್ಳಲೇಬೇಕಾದ ಸರಕಿನ ಮೇಲೆ ಲಾಭಕ್ಕೆ ಕಡಿವಾಣ ಇರಬೇಕೆಂಬ ಈ ವಿವೇಕ ಅಮೆರಿಕದ ಚರ್ಚೆಯಲ್ಲಿ ದುರ್ಬಲವಾಗಿಯೇ ಕೇಳಿಬಂತು. ಹಾಗೆಂದು ಸ್ವಿಸ್ ಜನರಿಗೆ ನೆಮ್ಮದಿಯಿದೆ ಎಂದಲ್ಲ. ಅಲ್ಲಿ ಕಂತು ಆದಾಯಕ್ಕೆ ತಕ್ಕಂತಿಲ್ಲ, ತಲೆಗಿಷ್ಟು ಎಂದಿದೆ. ಅದು ಆದಾಯದ ಶೇ 10 ಮೀರಬಾರದೆಂಬ ಪ್ರಸ್ತಾವ 2024ರ ಜೂನ್‌ನಲ್ಲಿ ಜನಮತಕ್ಕೆ ಬಂದು ಸೋತಿತು.

ಅಮೆರಿಕದಲ್ಲಿ ಈಗ ಜಗಳ ಹಣದ ಮೇಲೆ ಬಂದು ನಿಂತಿದೆ. 2025ರ ಅಕ್ಟೋಬರ್ 1ರಿಂದ 43 ದಿನ ಕೇಂದ್ರ ಸರ್ಕಾರದ ಕಚೇರಿಗಳು ಮುಚ್ಚಿದ್ದಕ್ಕೆ ಮುಖ್ಯ ಕಾರಣ, ಆ ವರ್ಷದ ಕೊನೆಗೆ ಅವಧಿ ಮುಗಿಯಲಿದ್ದ ಹೆಚ್ಚುವರಿ ಸಹಾಯಧನವನ್ನು ಮುಂದುವರಿಸಬೇಕೇ ಬೇಡವೇ ಎಂಬ ಹಟ. ಕೇಂದ್ರದ ದಂಡವನ್ನು ಮರಳಿ ತರಬೇಕೆಂಬ ಮಾತು ಆ ಜಗಳದ ಮುನ್ನೆಲೆಗೆ ಬರಲೇ ಇಲ್ಲ. ರಾಜ್ಯಗಳ ಮಟ್ಟದಲ್ಲಿ ಮಾತ್ರ ಕಡ್ಡಾಯ ಜೀವಂತವಾಗಿದೆ: ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ರೋಡ್ ಐಲ್ಯಾಂಡ್, ರಾಜಧಾನಿ ವಾಷಿಂಗ್ಟನ್ ತಮ್ಮದೇ ದಂಡ ವಿಧಿಸುತ್ತವೆ. ವರ್ಮಾಂಟ್ ದಂಡವಿಲ್ಲದ ಕಡ್ಡಾಯವೊಂದನ್ನು ಇಟ್ಟುಕೊಂಡಿದೆ.

ಇದೆಲ್ಲ ಶುರುವಾದ ಮ್ಯಾಸಚೂಸೆಟ್ಸ್‌ನಲ್ಲಿ ಪದ್ಧತಿ ಬೇರೆ ರೀತಿಯದು. ಯಾವ ಆದಾಯದವನು ತಿಂಗಳಿಗೆ ಎಷ್ಟು ಕಂತು ತಾಳಬಲ್ಲ ಎಂಬ ಪಟ್ಟಿಯನ್ನು ಅಲ್ಲಿನ ವಿಮಾ ಪೇಟೆಯ ಮಂಡಳಿ ವರ್ಷ ವರ್ಷವೂ ಚರ್ಚಿಸಿ ಪ್ರಕಟಿಸುತ್ತದೆ. ಆ ಮೊತ್ತದೊಳಗೆ ಅವನಿಗೆ ಸಿಗುವ ಪಾಲಿಸಿ ಇಲ್ಲದಿದ್ದರೆ ದಂಡವಿಲ್ಲ; ಬಡತನ ರೇಖೆಯ ಒಂದೂವರೆ ಪಟ್ಟಿನವರೆಗಿನ ಆದಾಯದವರಿಗೆ ದಂಡದ ಮಾತೇ ಇಲ್ಲ; ಉಳಿದವರಿಗೂ ಅದು ಅಗ್ಗದ ಪಾಲಿಸಿಯ ಕಂತಿನ ಅರ್ಧವನ್ನು ಮೀರುವಂತಿಲ್ಲ. ವಿಮೆಯಿಲ್ಲದವರ ಪಾಲು ದೇಶದಲ್ಲೇ ಅತಿ ಕಡಿಮೆ ಇರುವುದು ಈ ರಾಜ್ಯದಲ್ಲಿ, ಶೇ 3ರ ಆಸುಪಾಸು. ಕೇಂದ್ರದ ಸಹಾಯಧನ ಕುಗ್ಗಿದಾಗ ಅಗ್ಗದ ಪಾಲಿಸಿಗಳೂ ಅನೇಕರ ಪಾಲಿಗೆ ಆ ಪಟ್ಟಿಯ ಗೆರೆ ದಾಟಬಹುದು. ಆಗ ರಾಜ್ಯ ತನ್ನ ಬೊಕ್ಕಸದಿಂದ ಹಣ ತುಂಬಬೇಕು, ಇಲ್ಲವೇ ಅಷ್ಟು ಜನರಿಗೆ ದಂಡವನ್ನು ಬಿಟ್ಟುಕೊಡಬೇಕು.